ತಲೆ ತಿನ್ನೋಕೆ ಒಬ್ಬರಾದರೂ ಬೇಕು

ಮನೆಮಂದಿಯೆಲ್ಲ ಮನೆಯಲ್ಲೇ ಇರುವ ರಜೆಯ ದಿನ ಬಂತೆಂದರೆ, ಮಧ್ಯಾಹ್ನದ ಹೊತ್ತಿಗೆ "ಒಂದು ದಿನವಾದರೂ ಒಬ್ಬಳೇ ಇರಬೇಕಪ್ಪಾ" ಅನ್ನಿಸುತ್ತದೆ. ಹಾಗೆ ಅನ್ನಿಸದವರನ್ನು ನಾನಿನ್ನೂ ನೋಡಿಲ್ಲ. ಬಚ್ಚಲಿಗೆ ಹೋದರೆ ಬಾಗಿಲು ಬಡಿಯುವವರು ಇರಬಾರದು. ಓದುತ್ತಿದ್ದ ಪೇಪರಿನ ನಡುವಿನ ಹಾಳೆ ಎಳೆದುಕೊಂಡು ಹೋಗುವವರು ಇರಬಾರದು. ಫ್ಯಾನ್ ಜಾಸ್ತಿ ಆಯಿತು ಅನ್ನುವವರೂ ಬೇಡ, ಕಡಿಮೆ ಆಯಿತು ಅನ್ನುವವರೂ ಬೇಡ.

ಅಂಥ ದಿನ ಯಾವಾಗಲೋ ಒಮ್ಮೆ ಸಿಕ್ಕೂಬಿಡುತ್ತದೆ. ಮೊದಲ ಒಂದು ಗಂಟೆ ಸ್ವರ್ಗ. ಆಮೇಲೆ ಫೋನಿನಲ್ಲಿ ಏನೋ ತಮಾಷೆಯ ವಿಡಿಯೋ ಕಣ್ಣಿಗೆ ಬೀಳುತ್ತದೆ. ನಗು ಬರುತ್ತದೆ, ಆದರೆ ಬಾಯಿವರೆಗೂ ಬರುವುದಿಲ್ಲ. ಮೂಗಿನಲ್ಲೇ ಒಂದು ಸಲ 'ಹುಂ' ಎಂದು ಮುಗಿದುಹೋಗುತ್ತದೆ. "ಏ, ಇಲ್ಲಿ ಬಂದು ಇದನ್ನ ನೋಡು" ಅಂತ ಯಾರನ್ನು ಕರೆಯುವುದು?

ನನ್ನ ಅನುಮಾನ ಇಷ್ಟೇ. ಮನೆಯ ಸಣ್ಣಪುಟ್ಟ ಖುಷಿಗಳು ಅಂತ ನಾವು ಹೇಳುತ್ತೇವಲ್ಲ, ಅವುಗಳಲ್ಲಿ ಬಹಳಷ್ಟಕ್ಕೆ ಇನ್ನೊಬ್ಬರು ಬೇಕು. ಅದೂ ಸುಮ್ಮನೆ ಒಳ್ಳೆಯವರಾಗಿ ಕೂತಿರುವವರಲ್ಲ. ಸ್ವಲ್ಪ ತಲೆ ತಿನ್ನುವವರೇ ಬೇಕು.

ನಗುವಿನ ವಿಷಯದಲ್ಲಂತೂ ಇದನ್ನು ಒಬ್ಬರು ಲೆಕ್ಕ ಹಾಕಿಯೇ ನೋಡಿದ್ದಾರೆ. ಅಮೆರಿಕದ ರಾಬರ್ಟ್ ಪ್ರೊವೈನ್ ಎಂಬ ಮನಃಶಾಸ್ತ್ರಜ್ಞ ನಗುವಿನ ಬೆನ್ನು ಹತ್ತಿದ್ದರು. ಯಾವಾಗ ನಕ್ಕೆವು, ಆಗ ಜೊತೆಗೆ ಯಾರಿದ್ದರು ಅಂತ ಜನರಿಂದ ಡೈರಿ ಬರೆಸಿದರು. ಟಿವಿ, ಪುಸ್ತಕದಂಥವನ್ನು ಬಿಟ್ಟು ನೋಡಿದರೆ, ಒಬ್ಬರೇ ಇದ್ದಾಗ ನಗುವುದಕ್ಕಿಂತ ಬೇರೆಯವರ ಜೊತೆ ಇದ್ದಾಗ ನಗುವುದು 30 ಪಟ್ಟು ಜಾಸ್ತಿ ಅಂತ ತಿಳಿಯಿತು. ಅದಕ್ಕಿಂತ ನನಗೆ ಹಿಡಿಸಿದ್ದು ಅವರ ಇನ್ನೊಂದು ಲೆಕ್ಕ. ಅವರೂ ಅವರ ವಿದ್ಯಾರ್ಥಿಗಳೂ ಜನ ಸೇರುವ ಕಡೆಗಳಲ್ಲಿ ಕಿವಿ ನಿಮಿರಿಸಿ ಕೂತು, ಸುಮಾರು 1,200 ನಗುವಿನ ಪ್ರಸಂಗಗಳನ್ನು ಬರೆದುಕೊಂಡರು. ನಗುವಿಗೆ ಮುಂಚೆ ಯಾರು ಏನು ಹೇಳಿದ್ದರು ಅಂತಲೂ ಗುರುತು ಹಾಕಿಕೊಂಡರು. ಅದರಲ್ಲಿ ಜೋಕು ಎನ್ನಬಹುದಾದ ಮಾತು ನೂರಕ್ಕೆ 10ರಿಂದ 20 ಮಾತ್ರ. ಉಳಿದದ್ದೆಲ್ಲ "ಸರಿ, ಆಮೇಲೆ ಸಿಗೋಣ" ಎನ್ನುವ ಥರದ್ದು!

ಮನೆಯಲ್ಲಿ ನಗುವುದಕ್ಕೆ ಯಾರೂ ಜೋಕು ಹೇಳಬೇಕಾಗಿಲ್ಲ ಅನ್ನುವುದು ಮನೆಯಲ್ಲಿರುವವರಿಗೆಲ್ಲ ಗೊತ್ತು. ನಮ್ಮ ಮಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ ನಾಳೆಗೂ ನಿನ್ನೆಗೂ ವ್ಯತ್ಯಾಸ ಗೊತ್ತಿರಲಿಲ್ಲ. "ನಿನ್ನೆ ಆಟಕ್ಕೆ ಹೋಗೋಣ" ಅನ್ನುತ್ತಿದ್ದಳು. ಅವಳೀಗ ದೊಡ್ಡವಳಾಗಿದ್ದಾಳೆ. ಆದರೆ ಮನೆಯಲ್ಲಿ ಯಾವುದಾದರೂ ಕೆಲಸ ಮುಂದಕ್ಕೆ ಹಾಕಬೇಕಾದರೆ ನಾವೆಲ್ಲ ಇವತ್ತಿಗೂ "ನಿನ್ನೆ ಮಾಡ್ತೀನಿ" ಅಂತಲೇ ಹೇಳುವುದು. ಹೊರಗಿನವರಿಗೆ ಇದರಲ್ಲಿ ನಗಲು ಏನೂ ಇಲ್ಲ. ಒಮ್ಮೆ ಮನೆಗೆ ಬಂದವರ ಮುಂದೆ ನಮ್ಮ ಮನೆಯವರು ಇದನ್ನು ಹೇಳಿಬಿಟ್ಟರು. ನಾವು ನಾಲ್ಕೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬಂದವರು ಪಾಪ, ಕ್ಯಾಲೆಂಡರ್ ಕಡೆ ನೋಡಿದರು.

ಕಚಗುಳಿಯೂ ಹಾಗೇ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ಏನೂ ಆಗುವುದಿಲ್ಲ. ಬೇಕಾದರೆ ಈಗಲೇ ಪಾದಕ್ಕೆ ಬೆರಳು ಆಡಿಸಿ ನೋಡಿ, ಯಾರೂ ನೋಡುತ್ತಿಲ್ಲ. ಎಲ್ಲಿ ಮುಟ್ಟುತ್ತಾರೆ ಅನ್ನುವುದು ಮೊದಲೇ ಗೊತ್ತಿರಬಾರದು, ಆಗ ಮಾತ್ರ ಕಚಗುಳಿ ಆಗುತ್ತದೆ ಅಂತ ಚಾರ್ಲ್ಸ್ ಡಾರ್ವಿನ್ 1872ರಲ್ಲೇ ಬರೆದಿದ್ದರು. ಅದು ಯಾಕೆ ಅನ್ನುವುದನ್ನು 1998ರಲ್ಲಿ ಲಂಡನ್ನಿನ ಸಾರಾ-ಜೇನ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು ಮಿದುಳಿನ ಸ್ಕ್ಯಾನ್ ಮಾಡಿ ತೋರಿಸಿದರು. ನಾವೇ ಕೈ ಆಡಿಸುವಾಗ ತಲೆಯ ಹಿಂಭಾಗದಲ್ಲಿರುವ ಕಿರುಮಿದುಳು ಅದರ ಸುದ್ದಿಯನ್ನು ಮುಂಚೆಯೇ ಮುಟ್ಟಿಸಿಬಿಡುತ್ತದಂತೆ. ಬರುವುದು ಗೊತ್ತಾದ ಮೇಲೆ ಕಚಗುಳಿಯ ಗಮ್ಮತ್ತು ಎಲ್ಲಿ? ಇದೇ ತಂಡ ಆಮೇಲೆ ನಡುವೆ ಒಂದು ಯಂತ್ರ ಇಟ್ಟಿತು. ನಾವು ಕೈ ಆಡಿಸಿದ ಮೇಲೆ ಯಂತ್ರ ಒಂಚೂರು ತಡವಾಗಿ ನಮ್ಮನ್ನು ಮುಟ್ಟುತ್ತದೆ. ತಡ ಅಂದರೆ ಸೆಕೆಂಡಿನ ಐದನೇ ಒಂದು ಭಾಗದವರೆಗೆ, ಅಷ್ಟೇ. ಅಷ್ಟಕ್ಕೇ ಕಚಗುಳಿ ವಾಪಸ್ ಬಂತು. ಹೇಳಿದ ಕೂಡಲೇ ಮಾಡದೆ ಸ್ವಲ್ಪ ತಡ ಮಾಡುವುದರಲ್ಲಿ ನಮ್ಮ ಮನೆಯವರೂ ಏನು ಕಡಿಮೆ ಇಲ್ಲ ಬಿಡಿ.

ಮಕ್ಕಳಿಗಂತೂ ಮುಟ್ಟುವುದೇ ಬೇಕಿಲ್ಲ. ಮಗನ ಕಡೆ ಎರಡು ಬೆರಳು ತೋರಿಸಿ ಮೆಲ್ಲಗೆ ನಡೆದು ಬಂದರೆ ಸಾಕಿತ್ತು. ಹೊಟ್ಟೆ ಒಳಗೆ ಎಳೆದುಕೊಂಡು, ಮೊಣಕಾಲು ಎದೆಗೆ ಒತ್ತಿಕೊಂಡು, "ಬೇಡ ಬೇಡ ಬೇಡ" ಎಂದು ಕಿರುಚಿ, ಸೋಫಾದ ಮೂಲೆಗೆ ಸರಿಯುತ್ತಿದ್ದ. ಬೆರಳು ಇನ್ನೂ ಒಂದು ಮಾರು ದೂರ ಇರುತ್ತಿತ್ತು. ಕೈ ಹಿಂದಕ್ಕೆ ತೆಗೆದುಕೊಂಡರೆ ಒಂದು ಕಣ್ಣು ಮಾತ್ರ ತೆರೆದು, "ಯಾಕೆ ನಿಲ್ಸಿದ್ದು?" ಅಂತ ಕೇಳುವುದು. ಇಲಿಗಳೂ ಹೀಗೇ ಅಂತ ಓದಿದ ಮೇಲೆ ನನಗೆ ಇಲಿಗಳ ಮೇಲೆ ಇದ್ದ ಸಿಟ್ಟು ಸ್ವಲ್ಪ ಇಳಿದಿದೆ. ವಿಜ್ಞಾನಿ ಯಾಕ್ ಪ್ಯಾಂಕ್‌ಸೆಪ್ ಮತ್ತು ಅವರ ತಂಡ ಇಲಿಗಳಿಗೆ ಕಚಗುಳಿ ಇಟ್ಟು ನೋಡಿದರು. ಅವು ಸುಮಾರು 50 ಕಿಲೋಹರ್ಟ್ಸ್‌ನಲ್ಲಿ ಚಿಲಿಪಿಲಿ ಮಾಡುತ್ತವೆ. ನಮ್ಮ ಕಿವಿಗೆ 20 ಕಿಲೋಹರ್ಟ್ಸ್ ಮೇಲೆ ಕೇಳಿಸುವುದಿಲ್ಲ, ಹಾಗಾಗಿ ಬರಿಗಿವಿಗೆ ಅದು ಗೊತ್ತಾಗುವುದಿಲ್ಲ. ಕೈ ತೆಗೆದರೆ ಅದೇ ಕೈಯ ಹಿಂದೆ ಓಡಿ ಬರುತ್ತವಂತೆ. ಯಾಕೆ ನಿಲ್ಸಿದ್ದು ಅಂತಲೇ ಇರಬೇಕು.

ಇನ್ನು ಮನೆಗೆಲಸ. ಇದನ್ನು ಖುಷಿಯ ಪಟ್ಟಿಗೆ ಯಾಕೆ ಸೇರಿಸಿದೆ ಅಂತ ಕೇಳಬೇಡಿ. ಕೆಲಸದಲ್ಲಿ ಖುಷಿ ಇಲ್ಲದಿರಬಹುದು, ಅದನ್ನು ಯಾರು ಎಷ್ಟು ಮಾಡಿದ್ದು ಅನ್ನುವ ಜಗಳದಲ್ಲಿ ಇದ್ದೇ ಇದೆ. 1979ರಲ್ಲಿ ಕೆನಡಾದ ಮೈಕಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬಿಬ್ಬರು 37 ಗಂಡ-ಹೆಂಡತಿ ಜೋಡಿಗಳನ್ನು ಕೂರಿಸಿಕೊಂಡು, 20 ಕೆಲಸಗಳ ಪಟ್ಟಿ ಕೊಟ್ಟು, ಇದರಲ್ಲಿ ನಿಮ್ಮ ಪಾಲು ಎಷ್ಟು ಅಂತ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳಿದರು. ಆಮೇಲೆ ಇಬ್ಬರ ಉತ್ತರವನ್ನೂ ಕೂಡಿಸಿದರು. ಒಟ್ಟು ನೂರು ಆಗಬೇಕಲ್ವಾ? 37ರಲ್ಲಿ 27 ಜೋಡಿಗಳ ಲೆಕ್ಕ ನೂರು ದಾಟಿತು. ಮಜಾ ಏನೆಂದರೆ ಆ ಪಟ್ಟಿಯಲ್ಲಿ ಜಗಳ ಶುರುಮಾಡುವುದೂ ಇತ್ತು. ಅಂಥ ಕೆಟ್ಟ ಹೆಸರಿನಲ್ಲೂ ಜನ ತಮ್ಮ ಪಾಲನ್ನು ಬಿಟ್ಟುಕೊಡಲಿಲ್ಲ. ಹಾಗಾಗಿ ಇದು ಬರೀ ಜಂಬದ ವಿಷಯ ಅಲ್ಲ ಅಂದರು ಅವರು. ನಾವು ಮಾಡಿದ್ದು ನಮಗೆ ಬೇಗ ನೆನಪಿಗೆ ಬರುತ್ತದೆ, ಅಷ್ಟೇ.

ಇದನ್ನು ಓದಿದ ದಿನ ಊಟದ ಮೇಜಿನ ಮುಂದೆ ನಾನೂ ಒಂದು ಸಮೀಕ್ಷೆ ಮಾಡಿದೆ. ಎಲ್ಲರೂ ಚೀಟಿಯಲ್ಲಿ ಬರೆದುಕೊಡಿ, ಈ ಮನೆಯ ಕೆಲಸದಲ್ಲಿ ನಿಮ್ಮ ಪಾಲು ನೂರಕ್ಕೆ ಎಷ್ಟು ಅಂತ. ನಾನು 70 ಬರೆದೆ, ಅದೂ ಸಂಕೋಚಪಟ್ಟುಕೊಂಡು. ನಮ್ಮ ಮನೆಯವರು 50. ಮಗಳು 25. ಮಗ ಮಾತ್ರ 15 ಅಂತ ಬರೆದು, ಆವರಣದಲ್ಲಿ 'ಈ ವಾರ ಪರೀಕ್ಷೆ ಇತ್ತು' ಅಂತ ಸೇರಿಸಿದ್ದ. ಒಟ್ಟು 160! ಇಷ್ಟು ಕೆಲಸ ನಡೆಯುವ ಮನೆ ಫಳಫಳ ಹೊಳೆಯುತ್ತಿರಬೇಕು. ಆದರೆ ಒಣಗಿದ ಬಟ್ಟೆ ಹಾಕುವ ಕುರ್ಚಿ ಇದೆಯಲ್ಲ, ಅದರ ಮೇಲಿನ ರಾಶಿ ಆ ಹೊತ್ತಿಗೂ ಕುರ್ಚಿಯ ಬೆನ್ನು ದಾಟಿ ನಿಂತಿತ್ತು. ಆ ಕುರ್ಚಿಯ ಮೇಲೆ ಯಾರಾದರೂ ಕೂತದ್ದನ್ನು ನಾನು ನೋಡಿಯೇ ಇಲ್ಲ. ಅಲ್ಲಿಂದ ಬಟ್ಟೆ ಕಪಾಟಿಗೆ ಹೋಗುವುದೂ ಇಲ್ಲ. ಬೇಕಾದವರು ಬೇಕಾದ್ದನ್ನು ನಡುವಿನಿಂದ ಎಳೆದುಕೊಳ್ಳುತ್ತಾರೆ. ಮೇಲಿನದು ಒಂದು ಬದಿಗೆ ವಾಲುತ್ತದೆ. ಅದನ್ನು ಯಾರೋ ಒಬ್ಬರು ಮೊಣಕೈಯಿಂದ ಒತ್ತಿ ನೇರ ಮಾಡಿ ಹೋಗುತ್ತಾರೆ. ಹಾಗೆ ಒತ್ತುವುದನ್ನೂ ಮಗ ತನ್ನ 15ರಲ್ಲಿ ಸೇರಿಸಿದ್ದ ಅಂತ ಆಮೇಲೆ ತಿಳಿಯಿತು.

ನಮ್ಮವರ 50ರ ಲೆಕ್ಕ ಕೇಳಿದೆ. ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟಿದ್ದು, ಬಲ್ಬ್ ಬದಲಾಯಿಸಿದ್ದು, ನಲ್ಲಿ ಸೋರುತ್ತಿದ್ದುದನ್ನು ನಿಲ್ಲಿಸಿದ್ದು, ಹೀಗೆ ಸಾಲಾಗಿ ಹೇಳಿದರು. ಬಾಗಿಲು ಕಿರುಗುಟ್ಟುವುದು ಯಾವಾಗಲೋ ನಿಂತಿತ್ತು. ಅದು ತಾನಾಗಿಯೇ ಸರಿಹೋಯಿತು ಅಂತ ನಾನು ಅಂದುಕೊಂಡಿದ್ದೆ. ಬಾಗಿಲುಗಳು ತಾನಾಗಿಯೇ ಸರಿಹೋಗುತ್ತವೆಯೇ ಅಂತ ಅವರು ಕೇಳಿದರು. ಕಪಾಟಿನಲ್ಲಿ ಮಡಿಚಿದ ಬಟ್ಟೆ ತಾನಾಗಿಯೇ ಬಂದು ಕೂರುತ್ತದೆಯೇ ಅಂತ ನಾನು ಕೇಳಿದೆ. ಒಳ್ಳೆಯ ಸಂಜೆ ಅದು.

ರಿಮೋಟ್ ವಿಷಯ ಹೇಳದೆ ಇದ್ದರೆ ಕುಟುಂಬದ ಮಾತು ಪೂರ್ತಿ ಆಗುವುದಿಲ್ಲ. 1950ರಲ್ಲಿ ಅಮೆರಿಕದ ಜೆನಿತ್ ಕಂಪನಿ ತಂದ ಮೊದಲ ಟಿವಿ ರಿಮೋಟಿಗೆ ಉದ್ದನೆಯ ವೈರ್ ಇತ್ತು. ಅದನ್ನು ಎಡವಿ ಜನ ಬೀಳುತ್ತಿದ್ದರು. 1955ರಲ್ಲಿ ಯೂಜೀನ್ ಪೋಲಿ ಎಂಬ ಎಂಜಿನಿಯರ್ ವೈರ್ ತೆಗೆದು, ಟಾರ್ಚಿನಂತೆ ಬೆಳಕು ಬಿಡುವ ರಿಮೋಟ್ ಮಾಡಿದರು. ಆದರೆ ಕಿಟಕಿಯಿಂದ ಬಿಸಿಲು ಬಿದ್ದರೂ ಚಾನೆಲ್ ಬದಲಾಗಿಬಿಡುತ್ತಿತ್ತು. ಮಾರನೆಯ ವರ್ಷ ರಾಬರ್ಟ್ ಆಡ್ಲರ್ ತಂದದ್ದು ಶಬ್ದದ ರಿಮೋಟ್. ಗುಂಡಿ ಒತ್ತಿದರೆ ಒಳಗೆ ಒಂದು ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳಿಗೆ ಹೊಡೆಯುತ್ತಿತ್ತು. ಆ ಶಬ್ದ ಮನುಷ್ಯರ ಕಿವಿಗೆ ಕೇಳದಷ್ಟು ಎತ್ತರದ ಸ್ವರದ್ದು, ಟಿವಿಗೆ ಮಾತ್ರ ಕೇಳುತ್ತಿತ್ತು. ಅದಕ್ಕೆ ಸೆಲ್ಲೇ ಬೇಕಿರಲಿಲ್ಲ. ಇಷ್ಟು ಒಳ್ಳೆಯದನ್ನು ಯಾಕೆ ಬಿಟ್ಟರೋ!

ಏಕೆಂದರೆ ಈಗ ಜಗಳವೆಲ್ಲ ಸೆಲ್ಲಿನದ್ದೇ. ಸೆಲ್ ವೀಕ್ ಆದಾಗ ಏನು ಮಾಡಬೇಕು ಅನ್ನುವುದರಲ್ಲಿ ನಮ್ಮ ಮನೆಯಲ್ಲಿ ಮೂರು ಪಂಥಗಳಿವೆ. ನಮ್ಮವರದ್ದು ಗುಂಡಿ ಜೋರಾಗಿ ಒತ್ತುವ ಪಂಥ. ಮಗಳದ್ದು ರಿಮೋಟನ್ನು ಅಂಗೈಗೆ ಬಡಿಯುವ ಪಂಥ. ನನ್ನದು ಮುಚ್ಚಳ ತೆಗೆದು ಸೆಲ್ಲನ್ನು ಬೆರಳಲ್ಲಿ ಎರಡು ಸುತ್ತು ಉರುಳಿಸುವುದು. ಮೂರರಲ್ಲಿ ನನ್ನದಕ್ಕೇ ಸ್ವಲ್ಪ ಅರ್ಥ ಇದೆ. ಉರುಳಿಸಿದಾಗ ಸೆಲ್ಲಿನ ತುದಿಗೂ ಸ್ಪ್ರಿಂಗಿಗೂ ಕೂತ ಕೊಳೆ ಕೆರೆದುಹೋಗಿ ಕರೆಂಟ್ ಸರಿಯಾಗಿ ಹರಿಯುತ್ತದೆ. ಜೊತೆಗೆ ಸ್ವಲ್ಪ ಹೊತ್ತು ವಿರಾಮ ಸಿಕ್ಕ ಸೆಲ್ಲಿನಲ್ಲಿ ವೋಲ್ಟೇಜ್ ಚೂರು ಏರುತ್ತದೆ. ಎಷ್ಟೇ ಜೋರಾಗಿ ಒತ್ತಿದರೂ ಸೆಲ್ಲಿನೊಳಗೆ ಶಕ್ತಿ ಹುಟ್ಟುವುದಿಲ್ಲ. ಇದನ್ನು ನಾನು ಹೇಳುತ್ತಲೇ ಇದ್ದೇನೆ, ಅವರು ಒತ್ತುತ್ತಲೇ ಇದ್ದಾರೆ. ಮಗ ಯಾವ ಪಂಥಕ್ಕೂ ಸೇರಿದವನಲ್ಲ. ಫೋನಿನ ಕ್ಯಾಮೆರಾ ತೆರೆದು ರಿಮೋಟಿನ ಮೂತಿಗೆ ಹಿಡಿಯುತ್ತಾನೆ. ಕಣ್ಣಿಗೆ ಕಾಣದ ಅದರ ಬೆಳಕು ಕೆಲವು ಕ್ಯಾಮೆರಾಗಳಿಗೆ ನೇರಳೆ ಚುಕ್ಕೆಯಾಗಿ ಕಾಣುತ್ತದೆ. "ಬೆಳಕು ಬರ್ತಿದೆ, ಸೆಲ್ ಇನ್ನೂ ಇದೆ" ಅಂತ ತೀರ್ಪು ಕೊಡುತ್ತಾನೆ. ಹೊಸ ಸೆಲ್ ತರುವ ಕೆಲಸ ತನಗೆ ಬೀಳದಿರಲಿ ಅಂತ.

ನಡುವೆ ಒಂದು ಸಣ್ಣ ಮಾತು. ಪಾರ್ಸೆಲ್ ಜೊತೆ ಬರುವ ಗುಳ್ಳೆಯ ಪ್ಲಾಸ್ಟಿಕ್ ಹಾಳೆ, ಅಂದರೆ ಬಬಲ್ ರ‍್ಯಾಪ್, 1957ರಲ್ಲಿ ಹುಟ್ಟಿದ್ದು ಗೋಡೆಗೆ ಅಂಟಿಸಲು. ಆಲ್ಫ್ರೆಡ್ ಫೀಲ್ಡಿಂಗ್, ಮಾರ್ಕ್ ಶವಾನ್ ಎಂಬಿಬ್ಬರು ಬಚ್ಚಲುಮನೆಯ ಎರಡು ಪ್ಲಾಸ್ಟಿಕ್ ಪರದೆಗಳನ್ನು ಸೇರಿಸಿ ಅಂಟಿಸಿದರು. ಗೋಡೆಗೆ ಅದು ಯಾರಿಗೂ ಬೇಡವಾಯಿತು, ಆಮೇಲೆ ಸಾಮಾನು ಸುತ್ತಲು ಬಂತು. ನಮ್ಮ ಮನೆಯ ಗೋಡೆಗೆ ಅದು ಇದ್ದಿದ್ದರೆ ಒಂದು ದಿನವೂ ಬಾಳುತ್ತಿರಲಿಲ್ಲ. ಒಬ್ಬರೇ ಕೂತು ಒಡೆದರೆ ಬೇಗ ಬೇಜಾರು ಬರುತ್ತದೆ. ಪಕ್ಕದ ಕೋಣೆಯಿಂದ "ಸಾಕು ನಿಲ್ಸು ಅದನ್ನ" ಎಂಬ ಕೂಗು ಬಂದ ಮೇಲೆ ಒಡೆಯುವ ಗುಳ್ಳೆಗೆ ಮಾತ್ರ ಬೇರೆಯದೇ ರುಚಿ.

ಕೂಗು ಅಂದಾಗ ನೆನಪಾಯಿತು. ನನ್ನ ಅಮ್ಮ ನನ್ನನ್ನು ಕರೆಯಬೇಕಾದರೆ ಮೊದಲು ಅಕ್ಕನ ಹೆಸರು ಬರುತ್ತದೆ. ಅರ್ಧಕ್ಕೆ ತಡೆದು ಅಣ್ಣನ ಹೆಸರು. ಆಮೇಲೆ ಟಾಮಿ. ಕೊನೆಗೆ ಕೈ ಬೀಸಿ, "ಅಯ್ಯೋ, ನೀನೇ ಕಣೇ, ಬಾ ಇಲ್ಲಿ" ಅನ್ನುತ್ತಾಳೆ. ಟಾಮಿ ನಾಯಿ. ಚಿಕ್ಕವಳಿದ್ದಾಗ ಇದಕ್ಕೆ ನನಗೆ ಅಳುವೇ ಬರುತ್ತಿತ್ತು. ನಾಯಿ ಆದ ಮೇಲೆ ನಾನಾ? 2016ರಲ್ಲಿ ಸಮಂತಾ ಡೆಫ್ಲರ್ ಮತ್ತು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನ ಓದಿದ ಮೇಲೆ ಸಮಾಧಾನವಾಯಿತು. 1,700ಕ್ಕೂ ಹೆಚ್ಚು ಜನರನ್ನು ಕೇಳಿ ಅವರು ಕಂಡುಕೊಂಡದ್ದು ಇದು: ಹೆಸರು ತಪ್ಪುವುದು ಹೇಗೆಂದರೆ ಹಾಗಲ್ಲ. ಮಕ್ಕಳಿಗೆ ಮಕ್ಕಳ ಹೆಸರು, ಸ್ನೇಹಿತರಿಗೆ ಸ್ನೇಹಿತರ ಹೆಸರು. ತಲೆಯಲ್ಲಿ ಮನೆಯವರದ್ದೆಲ್ಲ ಒಂದು ಗುಂಪು, ಆ ಗುಂಪಿಗೆ ಕೈ ಹಾಕಿದಾಗ ಸಿಕ್ಕಿದ್ದು ಬಾಯಿಗೆ ಬರುತ್ತದೆ. ಮುಖ ಹೋಲುತ್ತದೋ ಇಲ್ಲವೋ ಅನ್ನುವುದಕ್ಕೆ ಅಲ್ಲಿ ಅಷ್ಟೇನೂ ಬೆಲೆ ಇಲ್ಲ, ಅದೂ ನನಗೆ ಸಮಾಧಾನವೇ. ನಾಯಿಯ ಹೆಸರೂ ಆ ಗುಂಪಿನಲ್ಲೇ ಇರುತ್ತದೆ. ಬೆಕ್ಕಿನದ್ದು ಇರುವುದಿಲ್ಲವಂತೆ! ಬೆಕ್ಕುಗಳಿಗೆ ಇದು ತಿಳಿದರೂ ಅವು ತಲೆ ಕೆಡಿಸಿಕೊಳ್ಳುವುದಿಲ್ಲ ಅನ್ನುವುದು ಬೇರೆ ವಿಷಯ.

ಕರೆಯುವವರದ್ದು ಹೀಗಾದರೆ ಕರೆಸಿಕೊಳ್ಳುವವರದ್ದು ಇನ್ನೊಂದು ಕಥೆ. ಬಟ್ಟೆ ಮಡಿಚಲು ಮಗಳನ್ನು ಮೂರು ಸಲ ಕರೆದರೂ ಅವಳಿಗೆ ಕೇಳುವುದಿಲ್ಲ. ಬಾಗಿಲು ಹಾಕಿಕೊಂಡು, ಫೋನಿನಲ್ಲಿ ಅಮ್ಮನ ಹತ್ತಿರ ಅವಳ ವಿಷಯ ಪಿಸುಗುಟ್ಟಿದರೆ, "ನನ್ನ ಬಗ್ಗೆ ಏನು ಹೇಳ್ತಿದೀಯ?" ಅಂತ ಹಾಜರು. ನೆವಿಲ್ ಮೊರೆ ಎಂಬುವವರು 1959ರಲ್ಲಿ ಜನರ ಎರಡೂ ಕಿವಿಗೆ ಬೇರೆ ಬೇರೆ ಮಾತು ಕೇಳಿಸಿ, ಒಂದರ ಕಡೆ ಮಾತ್ರ ಗಮನ ಕೊಡಿ ಅಂದಿದ್ದರು. ಗಮನ ಕೊಡದ ಕಿವಿಯಲ್ಲಿ ಏನು ಹೇಳಿದರೂ ಗೊತ್ತಾಗಲಿಲ್ಲ, ಆದರೆ ತಮ್ಮದೇ ಹೆಸರು ಬಂದಾಗ ಸುಮಾರು ಮೂರನೇ ಒಂದು ಭಾಗದಷ್ಟು ಜನ ಅದನ್ನು ಹಿಡಿದರು. ನಮ್ಮ ಮಗಳನ್ನು ಕೂರಿಸಿದ್ದರೆ ಪೂರ್ತಿ ಸಂಭಾಷಣೆ ಒಪ್ಪಿಸುತ್ತಿದ್ದಳು.

ಕೊನೆಗೆ ಕಥೆಗಳ ವಿಷಯ. ಎಲ್ಲರೂ ಸೇರಿದಾಗ ಹಳೆಯ ಕಥೆಗಳು ಹೊರಗೆ ಬರುತ್ತವೆ. ಎಲ್ಲರಿಗೂ ಗೊತ್ತಿರುವವೇ. ಆದರೂ ಹೇಳುವವರು ಮೊದಲಿನಿಂದ ಹೇಳಬೇಕು, ಕೇಳುವವರು ನಡುವೆ ತಿದ್ದಬೇಕು. ತಿದ್ದುವವರಿಲ್ಲದಿದ್ದರೆ ಕಥೆ ಬೇಗ ಮುಗಿದುಹೋಗುತ್ತದೆ. ಹೆಸರು ತಪ್ಪುವುದರ ಬಗ್ಗೆ ಹೇಳಿದೆನಲ್ಲ, ಆ ತಂಡದಲ್ಲಿದ್ದ ಡೇವಿಡ್ ರೂಬಿನ್ 2001ರಲ್ಲಿ ಇನ್ನಿಬ್ಬರ ಜೊತೆ ಸೇರಿ ಇನ್ನೊಂದು ವಿಷಯ ಬರೆದಿದ್ದರು. ಅವಳಿಗಳನ್ನು ಕೂರಿಸಿ ಹಳೆಯ ನೆನಪು ಕೇಳಿದರೆ, "ಅದು ಆಗಿದ್ದು ನನಗೆ", "ಅಲ್ಲ, ನನಗೆ" ಅಂತ ಇಬ್ಬರೂ ಒಂದೇ ಘಟನೆಯನ್ನು ತಮ್ಮದು ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ, ಇಬ್ಬರಿಗೂ ನಿಜವಾಗಿ ಹಾಗೇ ನೆನಪಿರುತ್ತದೆ. ವಯಸ್ಸಿನಲ್ಲಿ ಹೆಚ್ಚು ಅಂತರ ಇಲ್ಲದ ಅಕ್ಕ-ತಂಗಿಯರಲ್ಲೂ ಅಣ್ಣ-ತಮ್ಮಂದಿರಲ್ಲೂ ಇದು ಇದೆ. ಗೆದ್ದದ್ದು, ಪೆಟ್ಟು ತಿಂದದ್ದು ಇಂಥವನ್ನು ಜನ ತಮ್ಮ ಖಾತೆಗೆ ಹಾಕಿಕೊಳ್ಳುತ್ತಾರೆ, ತಪ್ಪು ಕೆಲಸ ಮಾಡಿದ್ದನ್ನು ಇನ್ನೊಬ್ಬರ ಖಾತೆಗೆ ದಾಟಿಸುತ್ತಾರೆ ಅಂತ ಅವರು ಆಮೇಲೆ ಸೇರಿಸಿದರು.

ನನಗೂ ಅಕ್ಕನಿಗೂ ಇರುವುದು ಮೆಟ್ಟಿಲಿನ ವ್ಯಾಜ್ಯ. ಕೊಡೆ ಬಿಚ್ಚಿ ಹಿಡಿದುಕೊಂಡು ನಾಲ್ಕನೇ ಮೆಟ್ಟಿಲಿನಿಂದ ಹಾರಿದ್ದು ನಾನು. ಪ್ಯಾರಾಶೂಟಿನಂತೆ ತೇಲಬಹುದು ಅಂತ ಹೇಳಿ ಹಾರಿಸಿದ್ದು ಅಕ್ಕ. ಕೊಡೆ ಉಲ್ಟಾ ಆಗಿ, ಕಡ್ಡಿ ಮುರಿದು, ಮೊಣಕಾಲು ಕಿತ್ತುಹೋದದ್ದು ನನ್ನದು. ನನಗೆ ಆ ಕೊಡೆಯ ಹಿಡಿಯ ಮೇಲಿದ್ದ ಸೀಳು ಕೂಡ ನೆನಪಿದೆ. ಅಕ್ಕನ ಪ್ರಕಾರ ಹಾರಿದ್ದು ಅವಳು, ಪುಸಲಾಯಿಸಿದ್ದು ನಾನು. ಆಗ ನಾನು ಇನ್ನೂ ಸರಿಯಾಗಿ ಮಾತೇ ಆಡುತ್ತಿರಲಿಲ್ಲ ಅಂದರೆ, "ನೀನು ಮಾತಾಡದೆ ಇದ್ದದ್ದು ಯಾವಾಗ?" ಅನ್ನುತ್ತಾಳೆ. ಸಾಕ್ಷಿಗೆ ಅಂತ ಮೊಣಕಾಲು ತೋರಿಸಿದರೆ ಅವಳೂ ತೋರಿಸುತ್ತಾಳೆ. ಇಬ್ಬರಲ್ಲೂ ಗಾಯದ ಗುರುತು ಇದೆ. ಅಮ್ಮನನ್ನೇ ಕೇಳಿಬಿಡೋಣ ಅಂತ ಕಳೆದ ಸಲ ಇಬ್ಬರೂ ಹೋಗಿ ಮುಂದೆ ಕೂತೆವು. ಅಮ್ಮ ಕನ್ನಡಕ ತೆಗೆದು ಒರೆಸಿ, ಇಬ್ಬರ ಮೊಣಕಾಲನ್ನೂ ನೋಡಿ, "ಬಿದ್ದಿದ್ದು ನಿಮ್ಮಣ್ಣ ಅಲ್ವೇನೇ?" ಅಂದಳು.

ಅಣ್ಣನಿಗೆ ಅದೇ ರಾತ್ರಿ ಫೋನ್ ಮಾಡಿದೆವು. ಅವನಿಗೆ ಕೊಡೆ ಮುರಿದಿದ್ದಕ್ಕೆ ಬೈಸಿಕೊಂಡದ್ದು ಮಾತ್ರ ಚೆನ್ನಾಗಿ ನೆನಪಿದೆಯಂತೆ.